ವಿಚಿತ್ರ ಗಾಡಿಗಳ ಪರವಾಗಿ

ಬೈಕಿನ ಹಿಂಭಾಗ ಕತ್ತರಿಸಿ, ತೊಟ್ಟಿ ಕೂರಿಸಿ, ತರಕಾರಿ ಹೇರಿಕೊಂಡು ಹೋಗುವವರ ವಿಡಿಯೊ ಹರಿದಾಡಿದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಇಂಥವನ್ನೆಲ್ಲ ಹಿಡಿದು ಗುಜರಿಗೆ ಹಾಕಬೇಕು. ಹಾಗೆನ್ನುವವರು ಆ ಗಾಡಿಯ ಬ್ರೇಕು ನೋಡಿರುವುದಿಲ್ಲ, ಆಕಾರ ನೋಡಿರುತ್ತಾರೆ. ಗಾಡಿ ವಿಚಿತ್ರವಾಗಿರುವುದು ತಪ್ಪಲ್ಲ. ಬ್ರೇಕು ಒತ್ತಿದಾಗ ನಿಲ್ಲದಿರುವುದು, ತಿರುವಿನಲ್ಲಿ ಮಗುಚುವುದು ತಪ್ಪು. ಕಾನೂನು ಪರೀಕ್ಷಿಸಬೇಕಾದ್ದು ಅದನ್ನು.

ನನಗೆ ಬಲು ಪ್ರೀತಿಯ ಗಾಡಿ ಹಾರ್ಲೆ-ಡೇವಿಡ್‌ಸನ್ ಕಂಪನಿಯ ಸರ್ವಿ-ಕಾರ್. 1932ರ ಮಾಡೆಲ್ ಆಗಿ ಬಂದ ಇದಕ್ಕೆ ಮುಂದೆ ಬೈಕು, ಹಿಂದೆ ಎರಡು ಚಕ್ರ, ಅವುಗಳ ಮೇಲೊಂದು ಪೆಟ್ಟಿಗೆ. ಅಂದಿನ ಅಮೆರಿಕದ ಗ್ಯಾರೇಜುಗಳಿಗೆ ಒಂದು ತಾಪತ್ರಯವಿತ್ತು. ಗಿರಾಕಿಯ ಮನೆಯಿಂದ ಕಾರು ತರಬೇಕಾದರೆ ಇಬ್ಬರು ಹೋಗಬೇಕು: ಒಬ್ಬ ಕಾರು ಓಡಿಸಲು, ಇನ್ನೊಬ್ಬ ಹೋದ ಗಾಡಿಯನ್ನು ವಾಪಸು ತರಲು. ಸರ್ವಿ-ಕಾರಿನ ಮುಂಭಾಗಕ್ಕೆ ಎಳೆಯುವ ಸರಳೊಂದನ್ನು ಜೋಡಿಸಿಕೊಳ್ಳಬಹುದಿತ್ತು. ಮೆಕ್ಯಾನಿಕ್ ಒಬ್ಬನೇ ಅದರಲ್ಲಿ ಹೋಗಿ, ಸರಳನ್ನು ಕಾರಿನ ಹಿಂದಿನ ಬಂಪರಿಗೆ ಸಿಕ್ಕಿಸಿ, ಕಾರು ಓಡಿಸಿಕೊಂಡು ಬಂದುಬಿಡುತ್ತಿದ್ದ. ರಿಪೇರಿಯಾದ ಮೇಲೆ ಹಾಗೆಯೇ ಕಾರು ಮುಟ್ಟಿಸಿ, ಕೊಂಡಿ ಬಿಚ್ಚಿ, ಬೈಕಿನಲ್ಲಿ ಮರಳುತ್ತಿದ್ದ. ಮೂರು ಚಕ್ರ ಇದ್ದದ್ದರಿಂದ ಸವಾರನಿಲ್ಲದೆಯೂ ಅದು ನೆಟ್ಟಗೆ ನಿಂತು ಕಾರಿನ ಹಿಂದೆ ಉರುಳುತ್ತಿತ್ತು. ಇಂಡಿಯನ್ ಎಂಬ ಇನ್ನೊಂದು ಅಮೆರಿಕನ್ ಬೈಕ್ ಕಂಪನಿಯೂ ಇದೇ ಕೆಲಸಕ್ಕೆ ಡಿಸ್ಪ್ಯಾಚ್ ಟೋ ಎಂಬ ಗಾಡಿ ಮಾಡಿತ್ತು. ಸರ್ವಿ-ಕಾರ್ 1973ರವರೆಗೂ ತಯಾರಾಯಿತು. ಪೊಲೀಸರು ಅದನ್ನು ಪಾರ್ಕಿಂಗ್ ತಪಾಸಣೆಗೆ ಬಳಸಿದರು. ಎಷ್ಟು ಅಚ್ಚುಕಟ್ಟಾದ ಯೋಚನೆ! ಮೊದಲ ಸಲ ಕಂಡವರಿಗೆ ಅದೂ ವಿಚಿತ್ರವಾಗಿಯೇ ಕಂಡಿರಬೇಕು.

ಸರ್ವಿ-ಕಾರಿನಲ್ಲಿದ್ದದ್ದು ಸುಮಾರು 740 ಸಿಸಿಯ ಸೈಡ್ ವಾಲ್ವ್ ಎಂಜಿನ್. ಅದೇ ಕುಲದ ಎಂಜಿನ್ ಎರಡನೆಯ ಮಹಾಯುದ್ಧಕ್ಕೆ ಹಾರ್ಲೆ ಮಾಡಿಕೊಟ್ಟ ಡಬ್ಲ್ಯುಎಲ್‌ಎ ಮಿಲಿಟರಿ ಬೈಕುಗಳಲ್ಲೂ ಇತ್ತು. ಯುದ್ಧ ಮುಗಿದಾಗ ಭಾರತದಲ್ಲೇ ಉಳಿದ ಅಂಥ ಬೈಕುಗಳನ್ನು ದೆಹಲಿಯ ಮೆಕ್ಯಾನಿಕ್‌ಗಳು ಕತ್ತರಿಸಿ, ಹಿಂದೆ ಎರಡು ಚಕ್ರ ಮತ್ತು ಸೀಟು ಜೋಡಿಸಿ, ಫಟ್‌ಫಟಿ ಎಂಬ ಬಾಡಿಗೆ ಗಾಡಿ ಮಾಡಿದರು. ದಶಕಗಳ ಕಾಲ ಅವು ಚಾಂದನಿ ಚೌಕದ ಸುತ್ತಮುತ್ತ ಜನರನ್ನು ಹೊತ್ತವು. 1990ರ ದಶಕದ ಕೊನೆಗೆ ಹೊಗೆಯ ಕಾರಣಕ್ಕೆ ರಸ್ತೆ ಬಿಟ್ಟವು. ಆ ಕಾರಣ ನ್ಯಾಯವಾದದ್ದೇ. ಆದರೆ ಹಾರ್ಲೆಯ ಮಿಲ್ವಾಕಿ ಕಾರ್ಖಾನೆ ಬೈಕಿಗೆ ಮೂರನೆಯ ಚಕ್ರ ಹಾಕಿದರೆ ಎಂಜಿನಿಯರಿಂಗ್, ದೆಹಲಿಯ ಗಲ್ಲಿಯಲ್ಲಿ ಹಾಕಿದರೆ ಬರೀ ಜುಗಾಡು ಎನ್ನುವ ಭೇದವನ್ನು ನಾನು ಒಪ್ಪಲಾರೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಇದರ ಹಿಂದಿನ ಆತಂಕ ಸಣ್ಣದಲ್ಲ. ಬೈಕು ತಿರುವಿನಲ್ಲಿ ಒಳಗೆ ವಾಲುತ್ತದೆ. ಮೂರನೆಯ ಚಕ್ರ ಹಾಕಿದೊಡನೆ ಆ ವಾಲುವಿಕೆ ನಿಂತು, ಭಾರವೆಲ್ಲ ಹೊರಗೆ ದೂಡುತ್ತದೆ. ಎರಡು ಚಕ್ರಕ್ಕೆಂದು ಲೆಕ್ಕ ಹಾಕಿದ ಫೋರ್ಕು, ಚಾಸಿ ಆ ಅಡ್ಡ ಒತ್ತಡಕ್ಕೆ ತಯಾರಾದವಲ್ಲ. ವೆಲ್ಡಿಂಗ್ ಕಾವಿಗೆ ಸಿಕ್ಕ ಕೊಳವೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡಬಹುದು, ಆ ಬಿರುಕು ಬಣ್ಣದಡಿ ಕಾಣುವುದಿಲ್ಲ. ಮುರಿದ ದಿನ ಸಾಯುವವನು ಗಾಡಿ ಕಟ್ಟಿದವನೇ ಆಗಬೇಕೆಂದೇನೂ ಇಲ್ಲ, ಎದುರಿಗೆ ಬಂದವನೂ ಆಗಬಹುದು. ಒಂದೊಂದನ್ನೂ ಪರೀಕ್ಷಿಸುವಷ್ಟು ಜನ ಆರ್‌ಟಿಒ ಕಚೇರಿಗಳಲ್ಲಿ ಇಲ್ಲ ಎಂಬುದೂ ದಿಟ. ನಗರದ ಅಂದ ಕೆಡುತ್ತದೆ ಎಂಬ ವಾದಕ್ಕೆ ಮಾತ್ರ ನನ್ನಲ್ಲಿ ಉತ್ತರವೂ ಇಲ್ಲ, ಗೌರವವೂ ಇಲ್ಲ.

ಆದರೆ ಸುರಕ್ಷತೆಯೇ ಕಾಳಜಿಯಾಗಿದ್ದರೆ ಕಣ್ಣು ಮೊದಲು ಹೋಗಬೇಕಾದ್ದು ಪರಿಚಿತ ಗಾಡಿಗಳ ಕಡೆಗೆ. ಕಬ್ಬಿನ ಸುಗ್ಗಿಯಲ್ಲಿ ಮಂಡ್ಯ, ಬೆಳಗಾವಿ ರಸ್ತೆಗಳಲ್ಲಿ ರಾತ್ರಿ ಹೋಗಿ ನೋಡಿ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಎರಡರಲ್ಲೂ ಆಳೆತ್ತರ ಕಬ್ಬು. ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕಿಲ್ಲ, ಹಿಂದೆ ದೀಪವಿಲ್ಲ. ಇಳಿಜಾರಿನಲ್ಲಿ ಟ್ರ್ಯಾಕ್ಟರಿನವನು ಬ್ರೇಕು ಒತ್ತಿದರೆ ಹಿಂದಿನ ಅಷ್ಟೂ ಭಾರ ಅವನನ್ನೇ ಮುಂದಕ್ಕೆ ನೂಕುತ್ತದೆ. ಕತ್ತಲಲ್ಲಿ ಅಂಥ ಟ್ರೇಲರಿಗೆ ಗುದ್ದಿ ಸತ್ತ ಬೈಕ್ ಸವಾರರ ಸುದ್ದಿ ಬರುತ್ತಲೇ ಇರುತ್ತದೆ. ಅದನ್ನು ಯಾರೂ ವಿಚಿತ್ರ ಗಾಡಿ ಎನ್ನುವುದಿಲ್ಲ, ಏಕೆಂದರೆ ಕಂಡು ಕಂಡು ಅಭ್ಯಾಸವಾಗಿದೆ. ಪೆಟ್ರೋಲ್ ಮುಗಿದ ಬೈಕಿನ ಫುಟ್‌ರೆಸ್ಟಿಗೆ ಪಕ್ಕದ ಬೈಕಿನವನು ಕಾಲು ಕೊಟ್ಟು ಬಂಕಿನವರೆಗೂ ತಳ್ಳಿಕೊಂಡು ಹೋಗುವುದನ್ನೂ ನಾವು ಸ್ನೇಹ ಎನ್ನುತ್ತೇವೆ, ಅಪಾಯ ಎನ್ನುವುದಿಲ್ಲ.

ನಿಷೇಧಿಸದೆ ಮಿತಿ ಹಾಕುವ ದಾರಿಯೂ ಇದೆ. ಬ್ರಿಟನ್ನಿನಲ್ಲಿ ಬೈಕಿಗೆ ಟ್ರೇಲರು ಕಟ್ಟಬಹುದು. ಎಂಜಿನ್ 125 ಸಿಸಿಗಿಂತ ದೊಡ್ಡದಿರಬೇಕು, ಟ್ರೇಲರಿನ ಅಗಲ ಒಂದು ಮೀಟರ್ ಮೀರಬಾರದು, ಭಾರ 150 ಕಿಲೊ ಅಥವಾ ಬೈಕಿನ ತೂಕದ ಮೂರನೇ ಎರಡು ಪಾಲು, ಯಾವುದು ಕಡಿಮೆಯೋ ಅಷ್ಟರೊಳಗಿರಬೇಕು. ಎಳೆಯುವುದಕ್ಕೂ ಎಳೆಸಿಕೊಳ್ಳುವುದಕ್ಕೂ ಇರುವ ತೂಕದ ಸಂಬಂಧವನ್ನೇ ಅವರು ನಿಯಮ ಮಾಡಿದ್ದಾರೆ. ಜರ್ಮನಿಯಲ್ಲಿ ಬದಲಾಯಿಸಿದ ಒಂದೇ ಒಂದು ಗಾಡಿಯನ್ನೂ ತಜ್ಞರಿಗೆ ತೋರಿಸಿ ಒಪ್ಪಿಗೆ ಪಡೆಯಬಹುದು.

ನಮ್ಮ ಕಾಯ್ದೆಯಲ್ಲೂ ಒಂದು ಬಾಗಿಲು ತೆರೆದಿದೆ. ಅಂಗವಿಕಲರಿಗಾಗಿ ಗಾಡಿಯನ್ನು ಮಾರ್ಪಡಿಸಿಕೊಳ್ಳಲು 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಹಿಂಬದಿಗೆ ಎರಡು ಪುಟ್ಟ ಚಕ್ರ ಹಾಕಿಸಿಕೊಂಡ ಸ್ಕೂಟರುಗಳನ್ನು ಪ್ರತಿ ಊರಿನಲ್ಲೂ ಕಾಣುತ್ತೇವೆ. ಆ ಚಕ್ರಗಳನ್ನು ಎಷ್ಟೋ ಕಡೆ ಕೂರಿಸಿರುವುದು ಸಣ್ಣ ಗ್ಯಾರೇಜಿನವರೇ. ಅಗತ್ಯಕ್ಕೆ ತಕ್ಕಂತೆ ಗಾಡಿ ಬದಲಾಗಬಹುದೆಂದು ಅಲ್ಲಿ ಒಪ್ಪಿದವರು ತರಕಾರಿ ಮಾರುವವನ ವಿಷಯದಲ್ಲೂ ಒಪ್ಪಬೇಕು. ಅವನ ಗಾಡಿಯನ್ನು ಆರ್‌ಟಿಒ ಟ್ರ್ಯಾಕಿಗೆ ಕರೆಸಿ, ಪೂರ್ತಿ ಭಾರ ಹೇರಿ, ಓಡಿಸಿ, ಬ್ರೇಕು ಹಾಕಿಸಿ, ತಿರುಗಿಸಿ ನೋಡಲಿ. ಪಾಸಾದರೆ ಭಾರಕ್ಕೂ ವೇಗಕ್ಕೂ ಮಿತಿ ನಮೂದಿಸಿ ಆರ್‌ಸಿ ಕೊಡಲಿ. ಆಗದಿದ್ದರೆ ಏನು ಸರಿಪಡಿಸಬೇಕೆಂದು ಬರೆದುಕೊಟ್ಟು ಕಳಿಸಲಿ.