ಸೋರಿದ ಇಂಧನ, ಮುರಿದ ರೆಕ್ಕೆ: ಸಣ್ಣ ವಿಮಾನ ಸಂಸ್ಥೆಗಳ ದಾಖಲೆ ಹೇಳುವ ಪಾಠ

2005ರ ಡಿಸೆಂಬರ್ 19ರ ಮಧ್ಯಾಹ್ನ ಅಮೆರಿಕದ ಮಯಾಮಿಯಿಂದ ಬಹಾಮಾಸ್‌ನ ಬಿಮಿನಿ ದ್ವೀಪಕ್ಕೆ ಹೊರಟ ಪುಟ್ಟ ಜಲವಿಮಾನವೊಂದು ಮೇಲೇರಿದ ಕೆಲವೇ ಕ್ಷಣಗಳಲ್ಲಿ ತನ್ನ ಬಲರೆಕ್ಕೆಯನ್ನು ಕಳೆದುಕೊಂಡು, ಬಂದರಿನ ಹಡಗುಗಾಲುವೆಗೆ ಬಿದ್ದಿತು. ಅದರಲ್ಲಿದ್ದ ಇಬ್ಬರು ಪೈಲಟ್‌ಗಳು ಮತ್ತು 18 ಪ್ರಯಾಣಿಕರಲ್ಲಿ ಒಬ್ಬರೂ ಉಳಿಯಲಿಲ್ಲ. ಮೃತರಲ್ಲಿ ಮೂವರು ಹಸುಳೆಗಳಿದ್ದರು. ಪ್ರಯಾಣಿಕರಲ್ಲಿ ಹಲವರು ಕ್ರಿಸ್‌ಮಸ್‌ಗೆಂದು ಊರಿಗೆ ಮರಳುತ್ತಿದ್ದ ದ್ವೀಪವಾಸಿಗಳು.

ವಿಮಾನವನ್ನು ಹಾರಿಸುತ್ತಿದ್ದ ಚಾಕ್ಸ್ ಓಷನ್ ಏರ್‌ವೇಸ್ ಹೆಸರಿಲ್ಲದ ಸಂಸ್ಥೆಯೇನೂ ಆಗಿರಲಿಲ್ಲ. 1910ರ ದಶಕದಲ್ಲಿ ಆರಂಭವಾದ ಅದು ಅಮೆರಿಕದ ಅತಿ ಹಳೆಯ ವಿಮಾನ ಸಂಸ್ಥೆಗಳಲ್ಲಿ ಒಂದು. 1994ರಲ್ಲಿ ಕೀ ವೆಸ್ಟ್ ಬಳಿ ನಡೆದ ಅವಘಡದಲ್ಲಿ ಅದರ ಇಬ್ಬರು ಪೈಲಟ್‌ಗಳು ಮೃತಪಟ್ಟಿದ್ದರೂ ಆ ವಿಮಾನದಲ್ಲಿ ಪ್ರಯಾಣಿಕರಿರಲಿಲ್ಲ. ಹೀಗಾಗಿ ಹೊರಗಿನಿಂದ ನೋಡುವವರಿಗೆ ಸಂಸ್ಥೆಯ ದಾಖಲೆ ಶುಭ್ರವಾಗಿಯೇ ಕಾಣುತ್ತಿತ್ತು. ದಾಖಲೆ ಶುಭ್ರವಾಗಿದ್ದ ಮಾತ್ರಕ್ಕೆ ವಿಮಾನ ಸುಭದ್ರವಾಗಿರುತ್ತದೆಯೇ ಎಂಬುದೇ ಈ ದುರಂತ ಎತ್ತಿದ ಪ್ರಶ್ನೆ.

ಸೋರಿಕೆಯೇ ಸೂಚನೆ

ದುರಂತಕ್ಕೀಡಾದ ಗ್ರಮ್ಮನ್ ಮಲ್ಲಾರ್ಡ್ ವಿಮಾನ ತಯಾರಾದದ್ದು 1947ರಲ್ಲಿ. ಆಗಿನ ಪಿಸ್ಟನ್ ಎಂಜಿನ್‌ಗಳ ಜಾಗದಲ್ಲಿ ಮುಂದೆ ಟರ್ಬೊಪ್ರಾಪ್ ಎಂಜಿನ್‌ಗಳನ್ನು ಜೋಡಿಸಲಾಯಿತು. ಎಂಜಿನ್ ಹೊಸದಾಯಿತು, ಆದರೆ ರೆಕ್ಕೆ ಹಳೆಯದೇ ಉಳಿಯಿತು. ತಂತಿಯೊಂದನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ಅದು ಕೊನೆಗೊಮ್ಮೆ ತುಂಡಾಗುವಂತೆ, ಪ್ರತಿ ಹಾರಾಟದಲ್ಲೂ ಬಾಗಿ ಚೇತರಿಸಿಕೊಳ್ಳುವ ರೆಕ್ಕೆಯ ಲೋಹವೂ ಕ್ರಮೇಣ ದಣಿಯುತ್ತದೆ. ಮೊದಲು ಕೂದಲೆಳೆಯ ಬಿರುಕು ಮೂಡುತ್ತದೆ, ಅದು ಹಾರಾಟದಿಂದ ಹಾರಾಟಕ್ಕೆ ಬೆಳೆಯುತ್ತದೆ.

ಈ ವಿಮಾನದಲ್ಲಿ ರೆಕ್ಕೆಯ ಒಡಲೇ ಇಂಧನದ ತೊಟ್ಟಿ. ಆದ್ದರಿಂದ ಒಳಗಿನ ಬಿರುಕು ಹೊರಗೆ ಕಾಣಿಸಿಕೊಂಡದ್ದು ಇಂಧನ ಸೋರಿಕೆಯ ರೂಪದಲ್ಲಿ. ಬಲರೆಕ್ಕೆಯ ಬುಡದಲ್ಲಿ ಮತ್ತೆ ಮತ್ತೆ ಸೋರಿಕೆ ಕಂಡುಬಂದಾಗಲೆಲ್ಲ ಅಂಟು ಬಳಿದು ಮುಚ್ಚಲಾಯಿತು. ಹೊದಿಕೆಯ ತಗಡಿನಲ್ಲಿ ಬಿರುಕು ಕಂಡಾಗ ಅದರ ಮೇಲೆ ತೇಪೆ ಹಾಕಲಾಯಿತು. ಆ ತಗಡಿನ ಹಿಂದೆ ರೆಕ್ಕೆಯ ಭಾರ ಹೊರುವ ಸ್ಟ್ರಿಂಗರ್ ಎಂಬ ಉದ್ದನೆಯ ಪಟ್ಟಿ ಸೀಳುತ್ತಿದ್ದುದನ್ನು ಸರಿಯಾಗಿ ಗುರುತಿಸುವ ಕೆಲಸ ಆಗಲಿಲ್ಲ. ಬೇರಿಗೆ ರೋಗ ತಗುಲಿದ್ದಾಗ ಎಲೆಗೆ ಮದ್ದು ಹಚ್ಚಿದಂತಾಯಿತು.

ಪುಸ್ತಕದಲ್ಲಿ ಪ್ರತಿ ದುರಸ್ತಿಯೂ ಮುಗಿದ ಕೆಲಸವೆಂದೇ ನಮೂದಾಗುತ್ತದೆ. ಆದರೆ ಒಂದೇ ಜಾಗದಲ್ಲಿ ಒಂದೇ ದೋಷ ಮರುಕಳಿಸುತ್ತಿದೆ ಎಂಬ ಸಂಗತಿ, ಪುಟಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ಮಾತ್ರ ಕಾಣುತ್ತದೆ. ಸಂಸ್ಥೆಯ ಕೆಲವು ಪೈಲಟ್‌ಗಳು ನಿರ್ವಹಣೆಯ ಬಗ್ಗೆ ಆತಂಕಗೊಂಡು ಮೊದಲೇ ಕೆಲಸ ಬಿಟ್ಟಿದ್ದರು ಎಂಬುದು ಇಲ್ಲಿ ಗಮನಾರ್ಹ.

ಕಾವಲುಗಾರನ ಹೊಣೆ

2007ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನ್ನ ತೀರ್ಮಾನ ಪ್ರಕಟಿಸಿತು. ಬಿರುಕುಗಳನ್ನು ಪತ್ತೆಹಚ್ಚಿ ಸರಿಪಡಿಸುವಲ್ಲಿ ಸಂಸ್ಥೆಯ ನಿರ್ವಹಣಾ ವ್ಯವಸ್ಥೆ ವಿಫಲವಾಯಿತು ಎಂಬುದು ಮೊದಲ ಕಾರಣ. ಆ ವ್ಯವಸ್ಥೆಯ ಕೊರತೆಗಳನ್ನು ಕಂಡು ತಿದ್ದಿಸುವಲ್ಲಿ ಫೆಡರಲ್ ವಿಮಾನಯಾನ ಆಡಳಿತ ವಿಫಲವಾಯಿತು ಎಂಬುದು ಎರಡನೆಯದು. ತಪ್ಪಿನ ಪಾಲನ್ನು ನಿಯಂತ್ರಕನಿಗೂ ಹಂಚಿದ್ದು ಈ ವರದಿಯ ಮಹತ್ವ. ವಿಮಾನ ಹಳತಾದಷ್ಟೂ ತಪಾಸಣೆ ಬಿಗಿಯಾಗಬೇಕೆಂಬುದು ಸಾಮಾನ್ಯ ತರ್ಕ. ಆದರೆ ಹಳೆಯ ವಿಮಾನಗಳ ರಚನೆಯನ್ನು ಹೆಚ್ಚುವರಿಯಾಗಿ ಪರೀಕ್ಷಿಸುವ ನಿಯಮದಿಂದ, 1958ಕ್ಕೆ ಮುನ್ನ ವಿನ್ಯಾಸದ ಪ್ರಮಾಣಪತ್ರ ಪಡೆದ ವಿಮಾನಗಳಿಗೇ ವಿನಾಯಿತಿ ದೊರೆತಿತ್ತು! ಚಾಕ್ಸ್ ಸಂಸ್ಥೆ 2007ರಲ್ಲೇ ಹಾರಾಟದ ಪರವಾನಗಿ ಕಳೆದುಕೊಂಡು ಇತಿಹಾಸ ಸೇರಿತು.

ನಮ್ಮಲ್ಲಿಯೂ ಈ ಪ್ರಶ್ನೆ ಹೊಸದಲ್ಲ. 2023ರ ಮೇ ತಿಂಗಳಲ್ಲಿ ಬೆಳಗಾವಿಯ ಸಾಂಬ್ರಾದಿಂದ ಹೊರಟ ರೆಡ್‌ಬರ್ಡ್ ತರಬೇತಿ ಸಂಸ್ಥೆಯ ವಿಮಾನ ಹೊನ್ನಿಹಾಳ ಬಳಿಯ ಹೊಲದಲ್ಲಿ ತುರ್ತಾಗಿ ಇಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ನಾಲ್ಕು ದಿನಗಳ ಅಂತರದಲ್ಲಿ ಅದೇ ಸಂಸ್ಥೆಯ ಎರಡು ವಿಮಾನಗಳು ಅವಘಡಕ್ಕೀಡಾದವು. ಆ ಬಳಿಕ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ), ಕಲಬುರಗಿ ಮತ್ತು ಬೆಳಗಾವಿ ಸೇರಿದಂತೆ ಸಂಸ್ಥೆಯ ಎಲ್ಲ ನೆಲೆಗಳಲ್ಲಿ ಹಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ನಿರ್ವಹಣೆಯ ಪರಿಶೋಧನೆಗೆ ಮುಂದಾಯಿತು. ಮಯಾಮಿಯ ದುರಂತಕ್ಕೂ ಈ ಘಟನೆಗಳಿಗೂ ಹೋಲಿಕೆ ಸಲ್ಲದು. ಆದರೆ ಬಿಡಿ ಘಟನೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗಲೇ ಕ್ರಮ ಸಾಧ್ಯವಾಯಿತು ಎಂಬ ಅಂಶ ಎರಡನ್ನೂ ಬೆಸೆಯುತ್ತದೆ.

ದೊಡ್ಡ ಸಂಸ್ಥೆಗೆ ಒಂದು ವಿಮಾನವನ್ನು ಬದಿಗಿರಿಸಿದರೂ ವ್ಯವಹಾರ ನಿಲ್ಲದು. ನಾಲ್ಕಾರು ವಿಮಾನಗಳ ಸಂಸ್ಥೆಗೆ ಒಂದು ವಿಮಾನ ವಾರಗಟ್ಟಲೆ ಹ್ಯಾಂಗರಿನಲ್ಲಿ ನಿಂತರೆ ಆದಾಯಕ್ಕೇ ಹೊಡೆತ. ತೇಪೆ ಹಾಕಿ ಹಾರಿಸುವ ಆಸೆ ಹುಟ್ಟುವುದು ಇಲ್ಲಿಯೇ. ಆ ಆಸೆಗೆ ಕಡಿವಾಣ ಹಾಕಬೇಕಾದವನು ನಿಯಂತ್ರಕ. ಸಹಿ ಬಿದ್ದಿದೆಯೇ ಎಂದು ನೋಡಿದರೆ ಸಾಲದು, ಅದೇ ದುರಸ್ತಿಗೆ ಎಷ್ಟು ಬಾರಿ ಸಹಿ ಬಿದ್ದಿದೆ ಎಂದು ಆತ ಎಣಿಸಬೇಕು. ಮಯಾಮಿಯಲ್ಲಿ ಯಾರಾದರೂ ಹಾಗೆ ಎಣಿಸಿದ್ದರೆ 20 ಜೀವಗಳು ಉಳಿಯುತ್ತಿದ್ದವೇನೋ.