ಅಂಗಸಾಧನೆಯೂ ಕೆಂಪು ಕಣವೂ

ವ್ಯಾಯಾಮದ ವಿಷಯವಾಗಿ ಬರೆಯುವೆನೆಂದಾಗ ಗೆಳತಿಯೊಬ್ಬಳು, ‘ಇತಿಹಾಸ, ಅರ್ಥಶಾಸ್ತ್ರ ಓದುವವಳಿಗೆ ರಕ್ತಕಣಗಳ ಉಸಾಬರಿ ಏತಕ್ಕೆ?’ ಎಂದು ನಕ್ಕಳು. ರಕ್ತವು ವಿಜ್ಞಾನ ವಿಭಾಗದವರ ಮೈಯಲ್ಲಿ ಮಾತ್ರ ಹರಿಯುವುದಲ್ಲವಾದ್ದರಿಂದ ಆ ನಗೆಯನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಿಂದ ಬಂದ ನಾವು ಒಂದೇ ವಿದ್ಯಾರ್ಥಿನಿಲಯದಲ್ಲಿದ್ದೇವೆ. ಒಬ್ಬಳದು ಅಡಿಕೆ ತೋಟದ ಊರು, ಇನ್ನೊಬ್ಬಳದು ತುಂಗಭದ್ರೆಯ ದಂಡೆ, ಮತ್ತೊಬ್ಬಳದು ಮಳೆಗಾಗಿ ಮುಗಿಲು ನೋಡುವ ಸೀಮೆ. ಊರು ಬೇರೆಯಾದರೂ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: ದುಡಿಯುವವರಿಗೆ ವ್ಯಾಯಾಮ ಬೇಡ, ಓದುವವರಿಗೆ ಅದಕ್ಕೆ ಹೊತ್ತಿಲ್ಲ, ಹೆಣ್ಣುಮಕ್ಕಳಿಗೆ ಅದು ಒಪ್ಪುವುದಿಲ್ಲ. ೨೦೨೧ರ ಅಕ್ಟೋಬರ್ ೨೯ರಂದು ನಟ ಪುನೀತ್ ರಾಜ್‌ಕುಮಾರ್ ಅವರು ೪೬ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ ಮೇಲೆ ಇದಕ್ಕೆ ಇನ್ನೊಂದು ಮಾತು ಸೇರಿತು: ವ್ಯಾಯಾಮ ಮಾಡಿದರೆ ಎದೆ ನಿಂತುಹೋಗುತ್ತದೆ. ಇವುಗಳಲ್ಲಿ ಒಂದನ್ನೂ ನಾನು ಒಪ್ಪಲಾರೆ.

ಮೊದಲು ಆ ಕೆಂಪು ಕಣವನ್ನು ನೋಡೋಣ. ಅದರ ಬಾಳು ಸುಮಾರು ೧೨೦ ದಿನ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಯ ಮೂಲೆಮೂಲೆಗೂ ಮುಟ್ಟಿಸುವ ಅದು ತಾನು ಮಾತ್ರ ಅದನ್ನು ಬಳಸುವುದಿಲ್ಲ. ಬಳಸಲು ಬೇಕಾದ ಮೈಟೊಕಾಂಡ್ರಿಯವೇ ಅದರೊಳಗಿಲ್ಲ. ಮಂಡಿಯಲ್ಲಿ ಅಡಿಕೆ ಮೂಟೆ ಹೊರುವ ನನ್ನ ತಂದೆಗೂ ಆ ಅಡಿಕೆಗೂ ಇರುವ ಸಂಬಂಧದಂತೆಯೇ ಇದು. ಗ್ಲೂಕೋಸನ್ನು ಆಮ್ಲಜನಕದ ನೆರವಿಲ್ಲದೆ ಒಡೆದು, ಒಂದು ಗ್ಲೂಕೋಸಿಗೆ ಎರಡೇ ಎರಡು ಎ.ಟಿ.ಪಿ. ಅಣುಗಳ ಗಳಿಕೆಯಲ್ಲಿ ಅದು ಸಂಸಾರ ತೂಗಿಸುತ್ತದೆ. ಬೇರೆ ಜೀವಕೋಶಗಳಿಗಾದರೋ ಅಷ್ಟರಿಂದಲೇ ಸುಮಾರು ೩೦ ದೊರೆಯುತ್ತವೆ. ಈ ಬಡ ಗಳಿಕೆಯಿಂದ ಕಣವು ತನ್ನ ಮೈಯನ್ನು ಮೆತ್ತಗಿಟ್ಟುಕೊಂಡು, ತನಗಿಂತ ಕಿರಿದಾದ ಲೋಮನಾಳಗಳಲ್ಲಿಯೂ ಬಾಗಿ ನುಸುಳಬೇಕು. ಗ್ಲೂಕೋಸು ಒಡೆಯುವ ಹಾದಿಯ ಕವಲೊಂದರಲ್ಲಿ ಹುಟ್ಟುವ ೨,೩-ಬಿ.ಪಿ.ಜಿ. ಎಂಬ ವಸ್ತುವು ಹಿಮೊಗ್ಲೋಬಿನ್ನಿನ ಹಿಡಿತವನ್ನು ಸಡಿಲಿಸಿ, ಆಮ್ಲಜನಕವನ್ನು ಬೇಕಾದಲ್ಲಿ ಇಳಿಸಿಕೊಡುತ್ತದೆ. ಕಣ ಹೊರಹಾಕುವ ಲ್ಯಾಕ್ಟೇಟ್ ಕೂಡ ದಂಡವಲ್ಲ. ಹೃದಯದ ಸ್ನಾಯು ಲ್ಯಾಕ್ಟೇಟನ್ನು ಉರುವಲಾಗಿ ಬಳಸಿಕೊಳ್ಳಬಲ್ಲದು.

ಉಸಿರು ಏರುವಷ್ಟು ನಿತ್ಯವೂ ನಡೆದು, ಓಡಿ, ಸೈಕಲ್ ತುಳಿದವರಲ್ಲಿ ಕೆಲವು ವಾರಗಳಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ. ಮೊದಲು ಪ್ಲಾಸ್ಮಾ, ಆಮೇಲೆ ಕಣಗಳು. ಹಳೆಯ ಕಣಗಳ ಜಾಗಕ್ಕೆ ಚೆನ್ನಾಗಿ ಬಾಗಬಲ್ಲ ಎಳೆಯ ಕಣಗಳು ಬರುತ್ತವೆ. ರಕ್ತನಾಳಗಳು ಸುಲಭವಾಗಿ ಹಿಗ್ಗುತ್ತವೆ. ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡುವುದರಿಂದ ಸುಮ್ಮನೆ ಕುಳಿತಾಗಿನ ನಾಡಿ ಇಳಿಯುತ್ತದೆ. ೧೯೫೩ರಷ್ಟು ಹಿಂದೆಯೇ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚೆಂದು ತೋರಿಸಿದ್ದರು.

ಹಾಗಾದರೆ ದುಡಿಮೆಯೇ ವ್ಯಾಯಾಮವಾಯಿತಲ್ಲ? ‘ಮೂಟೆ ಹೊತ್ತೋನಿಗೆ ಮತ್ತೆಂಥಾ ಕಸರತ್ತವ್ವ?’ ಎಂದು ನನ್ನ ತಂದೆಯೂ ಕೇಳುತ್ತಾರೆ. ಮೆಟ್ಟಿಲು ಹತ್ತುವುದು ಬೇರೆ, ಭಾರ ಎತ್ತುವುದು ಬೇರೆ. ಭಾರ ಎತ್ತಿದಾಗಲೆಲ್ಲ ರಕ್ತದೊತ್ತಡ ಏರುತ್ತದೆ. ದಣಿವಾರಿಸಿಕೊಳ್ಳಲು ಬಿಡುವಿಲ್ಲದ ಅಂಥ ದುಡಿಮೆಯಿಂದ ಹೃದಯಕ್ಕೆ ವ್ಯಾಯಾಮದಷ್ಟು ಲಾಭವಿಲ್ಲವೆಂದು ಈಚಿನ ಹಲವು ಅಧ್ಯಯನಗಳು ಹೇಳುತ್ತವೆ. ತಾಯಿಯದು ಇನ್ನೊಂದು ಬಗೆ. ಅಡಿಕೆ ಸುಲಿಯುವ ಕಾಲದಲ್ಲಿ ಕತ್ತಿಯ ಮುಂದೆ ನಡುರಾತ್ರಿಯವರೆಗೂ ಕುಳಿತೇ ಇರುತ್ತಾಳೆ; ಕೈ ಸೋಲುತ್ತದೆ, ಉಸಿರು ಏರುವುದಿಲ್ಲ. ಆದರೂ ಸಂಜೆ ಮನೆಗೆ ಬಂದ ತಂದೆಗೆ ‘ಇನ್ನು ಅರ್ಧ ಗಂಟೆ ನಡೆಯಿರಿ’ ಎನ್ನುವ ಧೈರ್ಯ ನನಗಿಲ್ಲ. ಅವರಿಗೆ ಬೇಕಾದುದು ವಿಶ್ರಾಂತಿ. ಕುಳಿತು ಓದುವ ನಮಗೆ ಆ ನೆಪವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ ೧೫೦ರಿಂದ ೩೦೦ ನಿಮಿಷ. ಬಿರುಸಿನ ನಡಿಗೆಯಾದರೂ ಸಾಕು.

ಪುನೀತರ ಸಾವಿನ ಕಾರಣವನ್ನು ಚರ್ಚಿಸುವ ಅಧಿಕಾರ ನನಗಿಲ್ಲ. ಒಳಗೆ ಹೃದ್ರೋಗ ಅಡಗಿದ್ದವರಿಗೆ ಬಿರುಸಿನ ಶ್ರಮ ಅಪಾಯ ತರಬಹುದೆಂಬುದು ನಿಜ. ರೂಢಿಯುಳ್ಳವರಿಗೂ ಆ ಅಪಾಯ ಸೊನ್ನೆಯಲ್ಲ. ಆದರೆ ಎಂದೂ ಮೈ ಬಗ್ಗಿಸದವರಿಗೆ ಅದು ಬಹಳ ಹೆಚ್ಚು. ಎದೆನೋವು ಬಂದವರು ಮೊದಲು ವೈದ್ಯರನ್ನು ಕಾಣಲಿ. ಹೆದರಿ ಹಾಸಿಗೆ ಹಿಡಿಯುವುದು ಮಾತ್ರ ಜಾಣತನವಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. ೪೮ ಮಂದಿಗೆ ರಕ್ತಹೀನತೆ. ಹಿಮೊಗ್ಲೋಬಿನ್ ಕಡಿಮೆಯಾದಾಗ ಹೃದಯವು ಬೇಗಬೇಗ ಬಡಿದು ಆ ಕೊರತೆಯನ್ನು ತುಂಬಬೇಕು. ಕಳೆದ ವರ್ಷದ ಕ್ರೀಡಾದಿನ ಓಟದ ನಡುವೆ ಕುಸಿದ ಜಗಳೂರಿನ ಗೆಳತಿಯನ್ನು ಸೋಮಾರಿಯೆಂದು ನಕ್ಕವರಲ್ಲಿ ನಾನೂ ಒಬ್ಬಳು. ಆಮೇಲೆ ಪರೀಕ್ಷೆ ಮಾಡಿಸಿದಾಗ ಅವಳ ಹಿಮೊಗ್ಲೋಬಿನ್ ೮ ಗ್ರಾಂ, ಇರಬೇಕಾದುದು ೧೨. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿ ಚೇತರಿಸಿಕೊಂಡ ಅವಳೇ ಈಗ ನನ್ನನ್ನು ನಡಿಗೆಗೆಂದು ಎಬ್ಬಿಸುತ್ತಾಳೆ.

ಆದರೆ ನಾವು ನಡೆಯುವುದು ನಿಲಯದ ಮಾಳಿಗೆಯ ಮೇಲೆ, ಗೋಡೆಯಿಂದ ಗೋಡೆಗೆ ೪೦ ಹೆಜ್ಜೆ. ಕಾಲೇಜಿನ ಮೈದಾನ ಸಂಜೆಯೆಲ್ಲ ಹುಡುಗರ ಕ್ರಿಕೆಟ್ಟಿಗೆ ಮೀಸಲು. ವಾರಕ್ಕೆ ಮೂರು ಸಂಜೆಯಾದರೂ ಅದನ್ನು ವಿದ್ಯಾರ್ಥಿನಿಯರಿಗೆ ಬಿಟ್ಟುಕೊಡಬೇಕೆಂದೂ, ಕ್ರೀಡಾದಿನಕ್ಕೆ ಮೊದಲೇ ಎಲ್ಲರ ಹಿಮೊಗ್ಲೋಬಿನ್ ಪರೀಕ್ಷೆ ನಡೆಸಬೇಕೆಂದೂ ಪ್ರಾಂಶುಪಾಲರಲ್ಲಿ ಬಿನ್ನವಿಸಿ ಅರ್ಜಿಯೊಂದನ್ನು ಬರೆದಿದ್ದೇವೆ. ನಾನು ಈ ವರ್ಷ ಕಾಲೇಜು ಬಿಟ್ಟು ಹೋಗುವವಳು. ಸಹಿ ಹಾಕಿದ ಉಳಿದವರೆಲ್ಲ ಮೊದಲನೆಯ, ಎರಡನೆಯ ವರ್ಷದವರು.