ಜಗಲಿಯ ಪಾಠ



ಕೊರೊನಾ ಕಾಲವನ್ನು ನೆನೆದಾಗಲೆಲ್ಲ ನನ್ನ ಕಣ್ಣಮುಂದೆ ಬರುವುದು ಹರವೆಯ ನಮ್ಮ ಮನೆಯ ಜಗಲಿ. 2020ರ ಜೂನ್ ಆರಂಭದವರೆಗೂ ಚಾಮರಾಜನಗರ ಜಿಲ್ಲೆಯಲ್ಲಿ ಒಬ್ಬರಿಗೂ ಸೋಂಕು ದೃಢಪಟ್ಟಿರಲಿಲ್ಲ. ಆದರೂ ಶಾಲೆಯ ಬಾಗಿಲು ಮಾರ್ಚ್‌ನಲ್ಲಿಯೇ ಮುಚ್ಚಿತ್ತು. ಪಾಠಗಳು ಚಂದನ ವಾಹಿನಿಗೂ ಮೊಬೈಲಿಗೂ ಬಂದವು. ನೆರೆಮನೆಯ ಎಂಟನೆಯ ತರಗತಿಯ ಹುಡುಗಿಯ ಮನೆಯಲ್ಲಿದ್ದುದು ಒಂದೇ ಮೊಬೈಲು. ಅದು ಬೆಳಗಾಗುತ್ತಲೇ ತಂದೆಯೊಡನೆ ಅರಿಸಿನದ ಹೊಲಕ್ಕೆ ಹೋಗಿಬಿಡುತ್ತಿತ್ತು.

ಆಗಸ್ಟ್‌ನಲ್ಲಿ ಸರ್ಕಾರ 'ವಿದ್ಯಾಗಮ'ವನ್ನು ಆರಂಭಿಸಿತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಬಂದು ದೇಗುಲದ ಅಂಗಳದಲ್ಲಿ, ಮರದ ನೆರಳಿನಲ್ಲಿ ಕಲಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಅದನ್ನು ತಪ್ಪೆನ್ನಲಾರೆ, ಜೀವ ದೊಡ್ಡದು. ಆಗ ನಿವೃತ್ತನಾದ ನಾನು ನಾಲ್ವರು ಮಕ್ಕಳನ್ನು ಜಗಲಿಯಲ್ಲಿ ದೂರದೂರ ಕೂರಿಸಿ ಗಣಿತ ಹೇಳಿಕೊಟ್ಟೆ. ಆ ಹುಡುಗಿ "ಅರ್ಥವಾಯಿತು ಸಾರ್" ಎಂದು ತಲೆಯಾಡಿಸುತ್ತಿದ್ದಳು. ಮಾಸ್ಕಿನ ಮೇಲಿನ ಕಣ್ಣುಗಳು ಇಲ್ಲವೆನ್ನುತ್ತಿದ್ದವು. ಭಿನ್ನರಾಶಿಯೇ ಅವಳಿಗೆ ಮರೆತುಹೋಗಿತ್ತು. ಮೊಬೈಲಿನ ಪಾಠಕ್ಕೆ ಆ ಕಣ್ಣುಗಳು ಕಾಣುವುದಿಲ್ಲ. ಬೋಧನೆಯೆಂದರೆ ಹೇಳುವುದಕ್ಕಿಂತ ಮೊದಲು ನೋಡುವುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

2021ರ ಎರಡನೆಯ ಅಲೆಗೆ ಹೆದರಿ ನಾನೂ ಜಗಲಿಯ ಪಾಠ ನಿಲ್ಲಿಸಿದೆ. ಅಲೆ ಇಳಿದ ಮೇಲೆ ಮತ್ತೆ ಆರಂಭಿಸಲಿಲ್ಲ. ಅದು ನನ್ನ ಆಲಸ್ಯ. ಸರ್ಕಾರ 2022–23ನ್ನು 'ಕಲಿಕಾ ಚೇತರಿಕೆ' ವರ್ಷವೆಂದು ಸಾರುವ ಹೊತ್ತಿಗೆ ಆ ಹುಡುಗಿ ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿದ್ದಳು. ಈಗಲೂ ಎದುರಾದರೆ "ನಮಸ್ಕಾರ ಸಾರ್" ಎನ್ನುತ್ತಾಳೆ. ನನಗೇ ತಲೆಯೆತ್ತಲಾಗುವುದಿಲ್ಲ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ಮುಂದೆ ಇಂತಹ ಕಾಲ ಬಂದರೆ, ಮೊಬೈಲಿಲ್ಲದ ಮಗುವಿನ ಮನೆಗೆ ಮೊದಲು ಹೋಗಿ. ಆಪತ್ತು ಕಳೆದ ಮೇಲೆಯೂ ಮರೆಯದೆ ಮತ್ತೊಮ್ಮೆ ಹೋಗಿ.